ಅರಸಿಯ ಕೆರೆ, ರೈಲು ಜಂಕ್ಷನ್, ಕೊಬ್ಬರಿ ಮಂಡಿ: ನಮ್ಮ ಅರಸೀಕೆರೆ ಬೆಳೆದು ಬಂದ ದಾರಿ

ಈ ಸಲ ಗೊಬ್ಬರ, ಔಷಧಿ ವಿಷಯ ಇಲ್ಲ. ಸ್ವಲ್ಪ ಉದ್ದ ಇದೆ, ತೋಟಕ್ಕೆ ನೀರು ತಿರುಗಿಸಿ ಬಂದು ಕೂತಾಗ ನಿಧಾನಕ್ಕೆ ಓದಿ.

ಹೋದ ತಿಂಗಳು ಮಂಡಿಯಲ್ಲಿ ನಮ್ಮ ಹೋಬಳಿಯ ಹುಡುಗ ಒಬ್ಬ ಕೇಳಿದ, "ಅಣ್ಣ, ಊರ ಹೆಸರಲ್ಲೇ ಕೆರೆ ಇದೆ. ಆದ್ರೆ ಈಗ ಆ ಕೆರೆಯಿಂದ ಯಾರಿಗೇನು ಉಪಯೋಗ? ಗದ್ದೆ ಮಾಡೋರು ಇಲ್ಲ, ಕುಡಿಯೋ ನೀರೂ ಅದಲ್ಲ." ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಆದ್ರೆ ಉತ್ತರ ಹೇಳೋಕೆ ಎಂಟುನೂರು ವರ್ಷ ಹಿಂದಕ್ಕೆ ಹೋಗ್ಬೇಕು. ಅದಕ್ಕೇ ಈ ಬರಹ.

ಮೊದಲು ನಮ್ಮ ಭೂಮಿ ಎಂಥದ್ದು ಅಂತ ನೋಡೋಣ. ಹಾಸನ ಜಿಲ್ಲೆ ಅಂದ ತಕ್ಷಣ ಹೊರಗಿನೋರು ಸಕಲೇಶಪುರದ ಮಳೆ, ಕಾಫಿ ತೋಟ ಅಂದ್ಕೊಳ್ತಾರೆ. ನಮ್ಮ ತಾಲೂಕು ಆ ಲೆಕ್ಕಕ್ಕೆ ಸೇರೋದಿಲ್ಲ. ಇದು ಬಯಲು ಸೀಮೆ. ಕೆಂಪು ಮಣ್ಣು, ಕಲ್ಲು ದಿಣ್ಣೆ, ಅಲ್ಲಲ್ಲಿ ಬೋಳು ಗುಡ್ಡ. ಹಿಂದೆ ಇಲ್ಲಿ ಬೆಳೀತಿದ್ದದ್ದು ರಾಗಿ, ಹುರುಳಿ, ಅವರೆ, ಎಳ್ಳು, ಜೊತೆಗೆ ಕುರಿ. ಸಮುದ್ರ ಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದ್ದೀವಿ. ತುಂಬಿ ಹರಿಯೋ ಹೊಳೆ ಒಂದೂ ನಮ್ಮ ತಾಲೂಕಿಗೆ ಇಲ್ಲ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಹಾಸನ ಜಿಲ್ಲೆಯ ಹೆಚ್ಚಿನ ಭಾಗದ ನೀರು ಹೇಮಾವತಿ, ಯಗಚಿ ಸೇರಿ ಕಾವೇರಿಗೆ ಹೋಗ್ತದೆ. ನಮ್ಮ ತಾಲೂಕಿನ ಬಹುಪಾಲು ನೀರು ಉತ್ತರಕ್ಕೆ ಇಳಿದು ವೇದಾವತಿ ಸೇರ್ತದೆ. ಅಲ್ಲಿಂದ ಹಿರಿಯೂರಿನ ಹತ್ತಿರದ ವಾಣಿವಿಲಾಸ ಸಾಗರ, ತುಂಗಭದ್ರಾ, ಕೊನೆಗೆ ಕೃಷ್ಣಾ. ಅಂದ್ರೆ ಜಿಲ್ಲೆ ಒಂದೇ ಆದ್ರೂ ನಮ್ಮ ನೀರು ಬೇರೆ ಕಣಿವೆಗೆ ಸೇರಿದ್ದು. ಗೊರೂರು ಅಣೆಕಟ್ಟೆ ನಮ್ಮ ಜಿಲ್ಲೆಯಲ್ಲೇ ಇದ್ರೂ ಅದರ ನಾಲೆಗಳು ಮಂಡ್ಯ, ತುಮಕೂರು ಕಡೆ ಹೋದ್ವು.

ಹೊಳೆ ಇಲ್ಲದ ಕಡೆ ಊರು ಕಟ್ಟಬೇಕು ಅಂದ್ರೆ ಮಳೆ ನೀರು ಹಿಡಿಯದೆ ಬೇರೆ ದಾರಿ ಇಲ್ಲ. ನಮ್ಮ ಹಿರಿಯರು ಅದನ್ನೇ ಮಾಡಿದ್ರು. ಎರಡು ದಿಣ್ಣೆ ಹತ್ತಿರ ಬರೋ ಜಾಗ ನೋಡಿ ಮಣ್ಣಿನ ಏರಿ ಹಾಕಿದ್ರು. ಮೇಲಿನ ಕೆರೆ ಕೋಡಿ ಬಿದ್ರೆ ಕೆಳಗಿನ ಕೆರೆಗೆ, ಅದು ತುಂಬಿದ್ರೆ ಅದರ ಕೆಳಗಿನದಕ್ಕೆ. ನಿಮ್ಮೂರ ಕೆರೆ ಕೋಡಿ ಹಳ್ಳ ಹಿಡಿದು ನಡೆದು ನೋಡಿ, ಮುಂದೆ ಇನ್ನೊಂದು ಕೆರೆ ಸಿಕ್ಕೇ ಸಿಗ್ತದೆ. ಅರಸೀಕೆರೆ ಊರು ಹುಟ್ಟಿದ್ದು ಇಂಥ ಒಂದು ಕೆರೆ ದಡದಲ್ಲಿ.

ಅರಸಿ ಅಂದ್ರೆ ರಾಣಿ. ಹಳೇ ಶಾಸನಗಳಲ್ಲಿ ಈ ಊರನ್ನ ಅರಸಿಯಕೆರೆ ಅಂತ ಕರೆದಿದ್ದಾರೆ. ನಮ್ಮ ಜಿಲ್ಲೆಯ ಶಾಸನಗಳನ್ನ ಬಿ.ಎಲ್. ರೈಸ್ ಸಾಹೇಬರು ಒಟ್ಟು ಮಾಡಿ 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 5ನೇ ಸಂಪುಟವಾಗಿ ಅಚ್ಚು ಹಾಕಿಸಿದ್ರು. ಅದರಲ್ಲಿ ನಮ್ಮ ತಾಲೂಕಿನವು ಬಹಳ ಇವೆ. ಹೊಯ್ಸಳರ ಕಾಲಕ್ಕೆ ಇದು ಸಣ್ಣ ಹಳ್ಳಿ ಆಗಿರಲಿಲ್ಲ. ಅವರ ರಾಜಧಾನಿ ದೋರಸಮುದ್ರ, ಅಂದ್ರೆ ಇವತ್ತಿನ ಹಳೇಬೀಡು, ಇಲ್ಲಿಂದ ಸುಮಾರು 40 ಕಿಲೋಮೀಟರ್. ಆ ಊರಿನ ಹೆಸರಲ್ಲೂ ನೀರೇ ಇದೆ ನೋಡಿ. ಆಗಿನೋರು ದೊಡ್ಡ ಕೆರೆಯನ್ನ ಸಮುದ್ರ ಅಂತಲೇ ಕರೀತಿದ್ರು.

ನಮ್ಮೂರ ಶಿವಾಲಯ ನೋಡಿರ್ತೀರಿ. 1220ರ ಸುಮಾರಿನದು, ಇಮ್ಮಡಿ ವೀರಬಲ್ಲಾಳನ ಆಳ್ವಿಕೆಯ ಕೊನೆಯ ಕಾಲ. ಅದರ ಮುಂದಿನ ಮಂಟಪ ನಕ್ಷತ್ರದ ಆಕಾರದಲ್ಲಿದೆ, ಮೇಲೆ ಗುಮ್ಮಟದ ಥರದ ಚಾವಣಿ. ಅಂಥ ಮಂಟಪ ಹೊಯ್ಸಳ ದೇವಸ್ಥಾನಗಳಲ್ಲೇ ಅಪರೂಪ ಅಂತ ತಿಳಿದೋರು ಹೇಳ್ತಾರೆ. ಅದೇ ಕಾಲದಲ್ಲಿ ಇಲ್ಲಿ ಸಹಸ್ರಕೂಟ ಜಿನಾಲಯವೂ ಆಯ್ತು. ಅದನ್ನ ಕಟ್ಟಿಸಿದ ರೇಚರಸ ಮೊದಲು ಕಳಚುರಿಗಳ ಹತ್ತಿರ ದಂಡನಾಯಕನಾಗಿದ್ದು, ಆಮೇಲೆ ಬಲ್ಲಾಳನ ಕಡೆ ಬಂದವನು. ಹತ್ತಿರದ ಹಾರನಹಳ್ಳಿಯಲ್ಲಿ ಚೆನ್ನಕೇಶವ, ಸೋಮೇಶ್ವರ ದೇವಸ್ಥಾನಗಳು 1234ರ ಹೊತ್ತಿಗೆ ಆದ್ವು. ಜಾವಗಲ್‌ನಲ್ಲಿ ಲಕ್ಷ್ಮೀನರಸಿಂಹ, ಹುಲ್ಲೇಕೆರೆಯಲ್ಲಿ ಚೆನ್ನಕೇಶವ.

ದೇವಸ್ಥಾನದ ಪಟ್ಟಿ ಕೊಡ್ತಿರೋದು ಯಾಕೆ ಅಂದ್ರೆ, ಇಷ್ಟು ಕಲ್ಲು ಕೆತ್ತಿಸೋಕೆ ದುಡ್ಡು ಬೇಕು. ದುಡ್ಡು ಬರಬೇಕಾದ್ರೆ ಬೆಳೆ ಬರಬೇಕು. ಹೊಳೆ ಇಲ್ಲದ ಈ ಸೀಮೆಯಲ್ಲಿ ನಂಬಿಕೆಯಿಂದ ಬೆಳೆ ಬರ್ತಿದ್ದದ್ದು ಕೆರೆ ಹಿಂದಿನ ಅಚ್ಚುಕಟ್ಟಿನಲ್ಲಿ ಮಾತ್ರ. ದೇವಸ್ಥಾನಕ್ಕೆ ಬಿಟ್ಟ ಭೂಮಿಯ ಶಾಸನ ಓದಿದ್ರೆ ಕೆರೆ ಹೆಸರು, ತೂಬಿನ ಹೆಸರು, ಗದ್ದೆ ಅಳತೆ ಮತ್ತೆ ಮತ್ತೆ ಬರ್ತದೆ. ಅಲ್ಲಿ ಪೂಜೆ ಆಗಬೇಕಾದ್ರೂ ಇಲ್ಲಿ ತೂಬಿನಲ್ಲಿ ನೀರು ಹರೀಬೇಕಿತ್ತು.

ಇಲ್ಲಿ ನಾವು ಗಮನಿಸಬೇಕಾದ ಮುಖ್ಯ ವಿಷಯ ಇದೆ. ಕೆರೆ ಕಟ್ಟಿಸಿದ್ರೆ ಕೆಲಸ ಮುಗೀಲಿಲ್ಲ ಅಂತ ಆಗಿನೋರಿಗೆ ಗೊತ್ತಿತ್ತು. ಮಣ್ಣಿನ ಏರಿ ವರ್ಷಾ ಕುಸೀತದೆ, ಹೂಳು ವರ್ಷಾ ಬರ್ತದೆ, ತೂಬು ಕಟ್ಕೊಳ್ತದೆ. ಅದಕ್ಕೆ ಬಿತ್ತುವಟ್ಟ ಅಂತ ಒಂದು ಏರ್ಪಾಡು ಇತ್ತು. ಕೆರೆ ಕೆಳಗಿನ ಭೂಮಿಯಲ್ಲಿ ಒಂದು ಪಾಲನ್ನ, ಅಥವಾ ಬೆಳೆಯಲ್ಲಿ ಒಂದು ಭಾಗವನ್ನ ಕೆರೆ ನೋಡ್ಕೊಳ್ಳೋಕೆ ಅಂತಲೇ ಬಿಡ್ತಿದ್ರು. ಕೆರೆ ಕಟ್ಟಿಸಿದೋರಿಗೆ, ರಿಪೇರಿ ಮಾಡಿಸಿದೋರಿಗೆ ಕೊಡಗೆ ಭೂಮಿ ಸಿಗ್ತಿತ್ತು. ಹೂಳು ಹೊರೋ ಬಂಡಿ, ಕೋಣ ಸಾಕೋಕೆ ಕೂಡ ದತ್ತಿ ಬಿಟ್ಟ ಶಾಸನಗಳು ಕರ್ನಾಟಕದಲ್ಲಿ ಇವೆ. ಒಟ್ಟಿನಲ್ಲಿ ಕೆರೆಯಿಂದ ಉಂಡವರು ಕೆರೆಗೆ ಒಂದು ತುತ್ತು ಎತ್ತಿಡಬೇಕು. ಇದು ಧರ್ಮ ಮಾತ್ರ ಅಲ್ಲ, ಲೆಕ್ಕಾಚಾರ.

ಆ ಕಾಲ ಎಲ್ಲ ಚೆನ್ನಾಗಿತ್ತು ಅಂತ ನಾನು ಹೇಳ್ತಿಲ್ಲ. ನೀರು ಬಿಡೋ ನೀರಗಂಟಿ ಹೆಚ್ಚಾಗಿ ದಲಿತ ಕುಟುಂಬದವನು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಏರಿಯಲ್ಲಿ ಎಲ್ಲಿ ಬಿಲ ಬಿದ್ದಿದೆ, ಮಳೆ ಜೋರಾದ್ರೆ ತೂಬು ಯಾವಾಗ ಎತ್ತಬೇಕು, ಎಲ್ಲ ಅವನಿಗೇ ಗೊತ್ತು. ಆದ್ರೆ ನೀರಿನ ಗದ್ದೆ ಬೇರೆಯವರದು, ಸುಗ್ಗಿಯಲ್ಲಿ ಅವನಿಗೆ ಸಿಗ್ತಿದ್ದದ್ದು ಕಣದ ಕಾಳು. ಕೆರೆ ಕೆಲಸ ಮತ್ತೆ ಮಾಡೋಣ ಅನ್ನೋರು ಇದನ್ನ ಮರೀಬಾರದು.

ಹೊಯ್ಸಳರು ಹೋದ್ಮೇಲೆ ವಿಜಯನಗರ ಬಂತು. ಅವರೂ ಇಳಿದ ಮೇಲೆ ಈ ಸೀಮೆ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಯ್ತು. ತರೀಕೆರೆ ಪಾಳೇಗಾರರು, ಇಕ್ಕೇರಿ ನಾಯಕರು, ಶಿರಾದ ಮೊಗಲ್ ಸುಬೇದಾರರು, ಕೊನೆಗೆ ಮೈಸೂರು ಒಡೆಯರು. ನಡುವೆ ಮರಾಠರ ದಂಡು ಬಂದು ಲೂಟಿ ಮಾಡಿತು. ಮೈದಾನದಲ್ಲಿ ದಾರಿ ಮೇಲೆ ಕೂತ ಊರಿನ ಹಣೆಬರಹವೇ ಅದು. ಪದೇ ಪದೇ ದಂಡು ಬಂದ್ರೆ ಜನ ಗುಳೇ ಹೋಗ್ತಾರೆ. ಜನ ಹೋದ್ರೆ ಏರಿಗೆ ಮಣ್ಣು ಹಾಕೋರು ಯಾರು? ದೊಡ್ಡ ಊರು ಸಣ್ಣದಾಯ್ತು.

ಅದು ಮತ್ತೆ ಎದ್ದದ್ದು ರೈಲಿನಿಂದ. ಬೆಂಗಳೂರಿನಿಂದ ತುಮಕೂರು, ಗುಬ್ಬಿವರೆಗೆ 1884ಕ್ಕೇ ರೈಲು ಬಂದಿತ್ತು. ಗುಬ್ಬಿಯಿಂದ ತಿಪಟೂರು, ಅರಸೀಕೆರೆ, ಬೀರೂರು ಮೇಲೆ ಹರಿಹರಕ್ಕೆ 1889ರಲ್ಲಿ ಮೀಟರ್ ಗೇಜ್ ಹಳಿ ಮುಟ್ಟಿತು. ಮುಂದೆ ಹುಬ್ಬಳ್ಳಿ, ಪೂನಾ. ನಮ್ಮ ಭಾಗದ ರೈತನಿಗೆ ಇದು ಎಂಥ ಬದಲಾವಣೆ ಅಂತ ಯೋಚನೆ ಮಾಡಿ. ಎತ್ತಿನ ಗಾಡಿಯಲ್ಲಿ ವಾರಗಟ್ಟಲೆ ಹೋಗಬೇಕಾದ ಸರಕು ಎರಡು ಮೂರು ದಿನದಲ್ಲಿ ಬೊಂಬಾಯಿ ಕಡೆ ಹೋಗೋ ಹಾಗಾಯ್ತು.

ಆಮೇಲೆ ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲ, 1912ರಿಂದ 1918. ಆಗ ಮೈಸೂರು ಸಂಸ್ಥಾನದವರು ಮೈಸೂರಿನಿಂದ ಹಾಸನದ ಮೇಲೆ ಅರಸೀಕೆರೆಗೆ ಹಳಿ ಹಾಕಿಸಿದ್ರು. ಎರಡು ಹಳಿ ಕೂಡಿತು, ಊರು ಜಂಕ್ಷನ್ ಆಯ್ತು. 1979ರಲ್ಲಿ ಹಾಸನ–ಮಂಗಳೂರು ಹಳಿ ಆದ್ಮೇಲೆ ಕರಾವಳಿಗೂ ದಾರಿ ಆಯ್ತು. 1990ರ ದಶಕದಲ್ಲಿ ಬ್ರಾಡ್ ಗೇಜ್ ಬಂತು. ರಸ್ತೆ ಕಡೆಯಿಂದ ನೋಡಿದ್ರೆ ಬಿ.ಎಚ್. ರೋಡು, ಅಂದ್ರೆ ಬೆಂಗಳೂರು–ಹೊನ್ನಾವರ ರಸ್ತೆ, ಊರ ಮಧ್ಯವೇ. 2011ರ ಜನಗಣತಿ ಹೊತ್ತಿಗೆ ಊರಿನ ಜನಸಂಖ್ಯೆ 50 ಸಾವಿರ ದಾಟಿತ್ತು.

ಈಗ ಕೊಬ್ಬರಿ ವಿಷಯಕ್ಕೆ ಬರೋಣ. ನಮ್ಮಲ್ಲಿ ಮಾಡೋದು ಎಣ್ಣೆ ಕೊಬ್ಬರಿ ಅಲ್ಲ, ತಿನ್ನೋ ಕೊಬ್ಬರಿ, ಗಿಟುಕು. ಬಲಿತ ಕಾಯನ್ನ ಸುಲಿಯದೆ ಅಟ್ಟದ ಮೇಲೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು, ಅಲ್ಲಾಡಿಸಿದ್ರೆ ಗಡಗಡ ಅನ್ಬೇಕು. ನಮ್ಮ ಒಣ ಹವೆಗೆ ಇದು ಚೆನ್ನಾಗಿ ಆಗ್ತದೆ. ಕರಾವಳಿಯ ತೇವದ ಹವೆಯಲ್ಲಿ ಇಷ್ಟು ಸುಲಭ ಅಲ್ಲ. ಈ ಗಿಟುಕಿಗೆ ಗಿರಾಕಿ ಹೆಚ್ಚಾಗಿ ಉತ್ತರ ಭಾರತದೋರು. ಹಬ್ಬ, ಮದುವೆ, ಸಿಹಿತಿಂಡಿಗೆ ಅವರಿಗೆ ಬೇಕೇ ಬೇಕು. ವರ್ಷ ಇಟ್ರೂ ಕೆಡದ ಸರಕು, ಅಟ್ಟದಲ್ಲಿ ಕಾಯೋಕೆ ಒಣ ಹವೆ, ದೂರದ ಗಿರಾಕಿ, ಊರಲ್ಲೇ ರೈಲು. ನಾಲ್ಕೂ ಕೂಡಿದ್ದಕ್ಕೇ ತಿಪಟೂರು, ಅರಸೀಕೆರೆ ಕೊಬ್ಬರಿ ಮಂಡಿ ಅಂತ ಹೆಸರಾದ್ವು. ಜೊತೆಗೆ ಮಟ್ಟೆಯಿಂದ ನಾರು, ಕರಟದಿಂದ ಇದ್ದಿಲು, ಕಾಯಿ ಪುಡಿ ಕಾರ್ಖಾನೆ. ಸುಲಿಯೋರು, ಹಮಾಲರು, ಲಾರಿಯವರು, ಸಣ್ಣ ಅಂಗಡಿಯವರು, ಎಷ್ಟು ಮನೆ ಒಲೆ ಇದರಿಂದ ಉರೀತಿದೆ ಅಂತ ಮಂಡಿಯಲ್ಲಿ ಒಂದು ದಿನ ನಿಂತು ನೋಡಿದ್ರೆ ಗೊತ್ತಾಗ್ತದೆ.

ಆದ್ರೆ ರೈಲು ಬಂದ್ಮೇಲೆ ಊರು ಕೆರೆಗೆ ಬೆನ್ನು ಹಾಕಿತು. ಹಿಂದೆ ಊರಿನ ದುಡ್ಡು ತೂಬಿನಿಂದ ಬರ್ತಿತ್ತು, ಹಾಗಾಗಿ ಎಲ್ಲರ ಕಣ್ಣು ಏರಿ ಮೇಲಿತ್ತು. ಆಮೇಲೆ ದುಡ್ಡು ಸ್ಟೇಷನ್ನಿನಿಂದ, ಮಂಡಿಯಿಂದ ಬರೋಕೆ ಶುರುವಾಯ್ತು. ಅದೇ ಹೊತ್ತಿಗೆ ಕೆರೆ ಉಸ್ತುವಾರಿಯೂ ಊರಿನ ಕೈ ಬಿಟ್ಟು ಸರ್ಕಾರದ ಕೈಗೆ ಹೋಯ್ತು. ಮೈಸೂರು ಸರ್ಕಾರ 1911ರಲ್ಲಿ ಕೆರೆ ಪಂಚಾಯ್ತಿ ಕಾನೂನು ಮಾಡಿ ಮತ್ತೆ ಜನರನ್ನ ಸೇರಿಸೋಕೆ ನೋಡಿತು. 1961ರ ಕಾಯ್ದೆಯಲ್ಲಿ ಹಳೇ ವಂಶಪಾರಂಪರ್ಯದ ಗ್ರಾಮ ಹುದ್ದೆಗಳು ರದ್ದಾದ್ವು. ಜಾತಿ ಲೆಕ್ಕದ ಚಾಕರಿ ಹೋದದ್ದು ಒಳ್ಳೇದೇ ಆಯ್ತು. ಆದ್ರೆ ಆ ಕೆಲಸವನ್ನ ಸಂಬಳ ಕೊಟ್ಟು ಮಾಡಿಸೋ ಏರ್ಪಾಡು ಅದರ ಜಾಗಕ್ಕೆ ಬರಲಿಲ್ಲ. ತೂಬಿಗೆ ಒಡೆಯ ಇಲ್ಲದ ಹಾಗಾಯ್ತು.

ಆಮೇಲೆ ಬೋರ್‌ವೆಲ್. ನಮ್ಮಜ್ಜನ ಕಾಲದಲ್ಲಿ ನಮ್ಮ ತೋಟಕ್ಕೆ ಕಪಿಲೆ ಬಾವಿ ಇತ್ತು. ಕೆರೆ ತುಂಬಿದ ವರ್ಷ ಬಾವಿಯಲ್ಲಿ ಬಗ್ಗಿ ನೀರು ಮುಟ್ಟಬಹುದಿತ್ತು ಅಂತ ನಮ್ಮಪ್ಪ ಹೇಳ್ತಿದ್ರು. 1980ರ ದಶಕದಲ್ಲಿ ಕೊಳವೆ ಬಾವಿ ಬಂದಾಗ ನಮ್ಮಲ್ಲಿ 150 ಅಡಿಗೆ ನೀರು ಸಿಕ್ಕಿತ್ತು. ಹೊಲ ಎಲ್ಲ ತೋಟ ಆಯ್ತು. ರಾಗಿ ಹೊಲಕ್ಕೂ ತೆಂಗು ಬಂತು. 2008ರಿಂದ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ ಆದ್ಮೇಲೆ ಮೋಟಾರು ನಿಲ್ಲಿಸೋರೇ ಇಲ್ಲ. ನಮ್ಮ ಈಗಿನ ಬೋರು 900 ಅಡಿ ದಾಟಿದೆ. ನಿಮ್ಮದೂ ಹೆಚ್ಚು ಕಮ್ಮಿ ಅಷ್ಟೇ ಇರ್ತದೆ. ಅಂತರ್ಜಲ ಅತಿಯಾಗಿ ಬಳಸಿದ ತಾಲೂಕು ಅನ್ನೋ ಪಟ್ಟಿಯಲ್ಲಿ ನಮ್ಮ ಹೆಸರೂ ಸೇರಿತು.

ಅದರ ಫಲ ನೋಡಿದ್ದೀವಿ. 2012ರಿಂದ 2017ರವರೆಗೆ ಒಂದರ ಹಿಂದೆ ಒಂದು ಬರ. ನುಸಿ ಪೀಡೆಯಿಂದ ಮೊದಲೇ ಸೊರಗಿದ್ದ ಮರಗಳು ಸುಳಿ ಬಿದ್ದು ಕಂಬದ ಹಾಗೆ ನಿಂತ್ವು. ನಲವತ್ತು ಐವತ್ತು ವರ್ಷದ ಮರಗಳು. ತೆಂಗು ಒಂದು ವರ್ಷದ ಬೆಳೆ ಅಲ್ಲ, ಹೋದ್ರೆ ಮತ್ತೆ ಫಲಕ್ಕೆ ಬರೋಕೆ ಆರೇಳು ವರ್ಷ ಬೇಕು. ಬೆಲೆ ಕಥೆಯೂ ಗೊತ್ತೇ ಇದೆ. 2023ರಲ್ಲಿ ಗಿಟುಕಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದಾಗ ಮಂಡಿಯಲ್ಲಿ ಅದಕ್ಕಿಂತ ಬಹಳ ಕಮ್ಮಿಗೆ ಕೇಳ್ತಿದ್ರು. 2025ರಲ್ಲಿ ಬೆಂಬಲ ಬೆಲೆ 12,100, ಮಂಡಿ ಬೆಲೆ 20 ಸಾವಿರ ದಾಟಿತು. ಆದ್ರೆ ಬೆಲೆ ಏರಿದ್ದು ಯಾಕೆ? ಕಾಯಿ ಕಮ್ಮಿ ಆಗಿದ್ದಕ್ಕೆ. ಒಳ್ಳೆ ಬೆಲೆ ಬಂದಾಗ ಅಟ್ಟದಲ್ಲಿ ಕಾಯಿ ಇಲ್ಲದೋರೇ ನಮ್ಮಲ್ಲಿ ಜಾಸ್ತಿ ಇದ್ರು.

ಈಗ ಆ ಹುಡುಗನ ಪ್ರಶ್ನೆಗೆ ಬರ್ತೀನಿ. ಕೆರೆಯಿಂದ ಈಗ ಯಾರಿಗೆ ಉಪಯೋಗ? ಹಿಂದೆ ಕೆರೆ ನೀರು ತೂಬಿನಿಂದ ಹೊರಗೆ ಹೋಗಿ ಗದ್ದೆ ಸೇರ್ತಿತ್ತು, ಕಣ್ಣಿಗೆ ಕಾಣ್ತಿತ್ತು. ಈಗ ಅದೇ ನೀರು ತಳದಿಂದ ಕೆಳಗೆ ಇಳಿದು ನಮ್ಮ ಬೋರಿಗೆ ಬರ್ತದೆ, ಕಣ್ಣಿಗೆ ಕಾಣೋದಿಲ್ಲ. ವ್ಯತ್ಯಾಸ ಅಷ್ಟೇ. ಒಂದು ಸಣ್ಣ ಲೆಕ್ಕ ಹಾಕಿ. ಒಂದು ಎಕರೆ ಜಾಗದಲ್ಲಿ ಒಂದಡಿ ನೀರು ನಿಂತ್ರೆ 12 ಲಕ್ಷ ಲೀಟರಿಗೂ ಮೇಲೆ. ಬೇಸಿಗೆಯಲ್ಲಿ ಡ್ರಿಪ್‌ನಲ್ಲಿ ಒಂದು ಮರಕ್ಕೆ ದಿನಕ್ಕೆ 55 ಲೀಟರ್ ಅಂತ ಇಟ್ಕೊಳ್ಳಿ, ಎಕರೆಗೆ 45 ಮರ. ದಿನಕ್ಕೆ ಸುಮಾರು 2,500 ಲೀಟರ್ ಆಯ್ತು. ಐದು ತಿಂಗಳಿಗೆ ಪೌಣೆ ನಾಲ್ಕು ಲಕ್ಷ ಲೀಟರ್. ಕೆರೆಯ ಆ ಒಂದಡಿ ನೀರಲ್ಲಿ ಅರ್ಧ ಬಿಸಿಲಿಗೆ ಆವಿಯಾಗಿ ಹೋಯ್ತು ಅಂತಲೇ ಹಿಡಿಯೋಣ. ಉಳಿದ ಅರ್ಧ ಇಂಗಿದ್ರೂ ಒಂದೂವರೆ ಎಕರೆ ತೋಟದ ಇಡೀ ಬೇಸಿಗೆ ಕಳೀತದೆ. ಕೆರೆ ನೂರು ಎಕರೆ ಇದ್ದು ನಾಲ್ಕಡಿ ನೀರು ನಿಂತ್ರೆ ಎಷ್ಟು ತೋಟ ಅಂತ ನೀವೇ ಗುಣಿಸಿ. ನೆಲದೊಳಗೆ ನೀರು ನಮ್ಮ ನಮ್ಮ ಬೋರಿಗೇ ನೇರ ಬರೋದಿಲ್ಲ, ನಿಜ. ಆದ್ರೆ ಎಲ್ಲಿಗಾದ್ರೂ ಬಂದೇ ಬರ್ತದೆ.

ಇದು ಬರೀ ಕಾಗದದ ಲೆಕ್ಕ ಅಲ್ಲ. 2022ರಲ್ಲಿ ಮಳೆ ಜೋರಾಗಿ ಬಂತಲ್ಲ, ಆ ವರ್ಷ ನಮ್ಮ ನೀರು ಹೋಗಿ ಸೇರೋ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿತ್ತು. ಆ ವರ್ಷ ಯಾವ ಊರ ಕೆರೆ ತುಂಬಿತ್ತೋ ಆ ಊರ ಸುತ್ತ 2023ರ ಬರದಲ್ಲೂ ಬೋರು ಒಂದಷ್ಟು ದಿನ ಎಳೀತು. ನಮ್ಮ ಪಕ್ಕದ ಊರಿನ ಕೆರೆಗೆ ಮಾತ್ರ ಅಷ್ಟು ಮಳೆಯಲ್ಲೂ ಅರ್ಧ ನೀರು ಬರಲಿಲ್ಲ. ಕಾರಣ, ನೀರು ಬರೋ ಹಳ್ಳ ಎರಡು ಕಡೆ ಮುಚ್ಚಿ ತೋಟ ಆಗಿತ್ತು, ಒಂದು ಕಡೆ ರಸ್ತೆ ಮೋರಿ ಕಟ್ಕೊಂಡಿತ್ತು. ಮಳೆ ಬಂದಿತ್ತು, ಕೆರೆಯೂ ಇತ್ತು, ನಡುವಿನ ದಾರಿ ಇರಲಿಲ್ಲ.

ಎತ್ತಿನಹೊಳೆ ಬರ್ತದಲ್ಲ ಅಂತ ಕೆಲವರು ಹೇಳ್ತಾರೆ. 2014ರಲ್ಲಿ ಶಂಕುಸ್ಥಾಪನೆ ಆಯ್ತು, 2024ರ ಸೆಪ್ಟೆಂಬರ್ 6ರಂದು ಗೌರಿ ಹಬ್ಬದ ದಿನ ಮೊದಲ ಹಂತಕ್ಕೆ ಚಾಲನೆ ಕೊಟ್ರು. ನಾಲೆ ನಮ್ಮ ತಾಲೂಕಿನ ಮೇಲೇ ಪೂರ್ವಕ್ಕೆ ಹೋಗ್ತದೆ. ನಮಗೆ ಸಿಗಬೇಕಾದ ಪಾಲು ಕೇಳೋಣ, ಬಿಡೋದು ಬೇಡ. ಆದ್ರೆ ನಾಲೆ ನೀರು ಬಂದ್ರೂ ಅದನ್ನ ತುಂಬಿಸ್ಕೊಳ್ಳೋದು ಎಲ್ಲಿ? ಕೆರೆಯಲ್ಲೇ ಅಲ್ವಾ? ಏರಿ ಬಿರುಕು ಬಿಟ್ಟು, ಹೂಳು ತುಂಬಿ, ಹಳ್ಳ ಮುಚ್ಚಿದ ಕೆರೆಗೆ ಯಾವ ಹೊಳೆ ನೀರು ತಂದ್ರೂ ನಿಲ್ಲೋದಿಲ್ಲ.

ಹಾಗಾಗಿ ನನ್ನ ಮಾತು ಇಷ್ಟೇ. ನಾವು ಕೆರೆ ಕೆಳಗಿನ ಗದ್ದೆಯವರಲ್ಲ ನಿಜ, ಆದ್ರೆ ಕೆರೆ ಸುತ್ತ ಬೋರು ಇರೋ ಪ್ರತಿಯೊಬ್ಬರೂ ಈಗ ಆ ಕೆರೆಯ ಅಚ್ಚುಕಟ್ಟುದಾರರೇ. ಹಿಂದಿನೋರ ಬಿತ್ತುವಟ್ಟದ ಲೆಕ್ಕ ನಮಗೂ ಅನ್ವಯಿಸ್ತದೆ. ಮಾಡಬಹುದಾದ್ದು ಮೂರು ಕೆಲಸ.

ಒಂದು, ಮುಂಗಾರಿಗೆ ಮೊದಲು, ಏಪ್ರಿಲ್ ಒಳಗೆ, ಕೆರೆಗೆ ನೀರು ಬರೋ ಹಳ್ಳವನ್ನ ಮೇಲಿನಿಂದ ಕೆಳಗಿನವರೆಗೆ ನಡೆದು ನೋಡೋದು. ಎಲ್ಲಿ ಕಟ್ಕೊಂಡಿದೆ ಅಂತ ಬರ್ಕೊಳ್ಳೋದು. ಜಗಳ ಬೇಡ. ಹಳ್ಳ ಒತ್ತಿಕೊಂಡವರ ಬೋರಿಗೂ ಅದೇ ಕೆರೆ ನೀರು ಬೇಕು ಅಂತ ಕೂರಿಸಿ ಹೇಳಿದ್ರೆ ಅರ್ಧ ಜನ ಒಪ್ತಾರೆ. ಒಪ್ಪದಿದ್ರೆ ಸರ್ವೆ ಮಾಡಿಸೋಕೆ ಅರ್ಜಿ ಕೊಡೋಣ, ನಕ್ಷೆಯಲ್ಲಿ ಹಳ್ಳ ಇರ್ತದೆ.

ಎರಡು, ಬೇಸಿಗೆಯಲ್ಲಿ ಕೆರೆ ಗೋಡು ತೋಟಕ್ಕೆ ಹೊಡೆಯೋದು. ತಳದಲ್ಲಿ ಕೂತ ಜಿಗುಟು ಮಣ್ಣು ನೀರು ಇಂಗೋಕೆ ಬಿಡೋದಿಲ್ಲ. ಅದನ್ನ ತೆಗೆದ್ರೆ ಕೆರೆಗೂ ಒಳ್ಳೇದು, ಕೆಂಪು ಮಣ್ಣಿನ ತೋಟಕ್ಕೂ ತೇವ ನಿಲ್ತದೆ. ಪಂಚಾಯ್ತಿಯಲ್ಲಿ ಕೇಳಿ, ಏರಿ ಬುಡ ಬಿಟ್ಟು, ಮೇಲಿನ ಪದರ ಮಾತ್ರ ಸಮವಾಗಿ ತೆಗೀಬೇಕು. ಗುಂಡಿ ಹೊಡೆದು ಮರಳು ತೆಗೆಯೋರಿಗೆ ಜಾಗ ಕೊಡಬಾರದು.

ಮೂರು, ಕೊಬ್ಬರಿ ಮಾರಿದಾಗ ಕ್ವಿಂಟಾಲಿಗೆ ಐವತ್ತು ರೂಪಾಯಿ ಊರ ಕೆರೆ ಹೆಸರಲ್ಲಿ ಎತ್ತಿಡೋದು. ಹತ್ತು ಕ್ವಿಂಟಾಲ್ ಮಾರೋರಿಗೆ ಐನೂರು ರೂಪಾಯಿ. ಒಂದು ಬೋರು ಫೇಲ್ ಆದ್ರೆ ಎಷ್ಟು ಲಕ್ಷ ಹೋಗ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆ ದುಡ್ಡಲ್ಲಿ ವರ್ಷಕ್ಕೊಂದ್ಸಲ ಜೆಸಿಬಿ ಬಾಡಿಗೆ ಕೊಡಬಹುದು, ತೂಬು ಕೋಡಿ ನೋಡ್ಕೊಳ್ಳೋಕೆ ಊರಿನ ಒಬ್ಬರಿಗೆ ಸರಿಯಾದ ಸಂಬಳ ಕೊಡಬಹುದು. ಕಣದ ಕಾಳು ಅಲ್ಲ, ಸಂಬಳ.

ನಮ್ಮೂರಲ್ಲಿ ಈ ಯುಗಾದಿ ಆದ್ಮೇಲೆ ಬರೋ ಮೊದಲ ಭಾನುವಾರ ಬೆಳಿಗ್ಗೆ ಹಳ್ಳ ನಡೆಯೋದು ಅಂತ ಹನ್ನೊಂದು ಜನ ಮಾತಾಡ್ಕೊಂಡಿದ್ದೀವಿ. ನಿಮ್ಮ ನಿಮ್ಮ ಊರ ಕೆರೆಗೆ ನೀರು ಬರೋ ದಾರಿ ಎಲ್ಲಿ ಮುಚ್ಚಿದೆ, ಕಳೆದ ಸಲ ಕೋಡಿ ಬಿದ್ದದ್ದು ಯಾವ ವರ್ಷ, ನಿಮ್ಮ ಮನೆಯ ಹಿರಿಯರನ್ನ ಕೇಳಿ ಬರೆದು ತಿಳಿಸಿ. ಎಲ್ಲ ಸೇರಿಸಿ ಒಂದು ಪಟ್ಟಿ ಮಾಡೋಣ. ಹಳ್ಳದ ಅಳತೆ ಹಿಡಿಯೋದು ಹೇಗೆ ಅಂತ ಮುಂದಿನ ಬರಹದಲ್ಲಿ ಬರೀತೀನಿ.